ಕಲ್ಲಿನ ಹುಟ್ಟು ಕೇಳಿ

ಮಕ್ಕಳೇ, ನಕ್ಷತ್ರ ಮೀನು ನಿಮಗೆ ಗೊತ್ತಲ್ಲವೇ? ಅದು ಕಂಟಕಚರ್ಮಿ. ಆ ವಂಶದ ಹಳೆಯ ಬಂಧು ಹೆಲಿಕೊಪ್ಲಕಾಯ್ಡ್ ಸುಮಾರು 52 ಕೋಟಿ ವರ್ಷಗಳ ಹಿಂದೆ ಸಮುದ್ರತಳದಲ್ಲಿ ಬಾಳಿತ್ತು. ಅದಕ್ಕೆ ಐದು ತೋಳುಗಳಿರಲಿಲ್ಲ. ಮೈಮೇಲೆ ಸುಣ್ಣದ ಫಲಕಗಳು ಸುರುಳಿಯಾಗಿ ಜೋಡಿಸಿದ್ದವು. ಕೆಸರಿನಲ್ಲಿ ಹೂತುಹೋದವು ಪಳೆಯುಳಿಕೆಗಳಾಗಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಿವೆ.

ನಮ್ಮ ಚಿಟಗುಪ್ಪದ ಕಲ್ಲಿನಲ್ಲಿ ಸಿಗಬಹುದೇ? ಸಿಗದು. ಇಲ್ಲಿನ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಆದದ್ದು. ಅದು ಶಿಥಿಲವಾಗಿ ಕೆಂಪು ಜಂಬಿಟ್ಟಿಗೆ ಆಯಿತು. ಎರಡೂ ಕಡಲ ಕೆಸರಿನಿಂದ ಹುಟ್ಟಿದವಲ್ಲ. ಆ ಹೊತ್ತಿಗೆ ಈ ಜೀವಿ ಅಳಿದು ಕೋಟ್ಯಂತರ ವರ್ಷಗಳಾಗಿದ್ದವು.

ಬೇಸರ ಬೇಡ. ಕಾರಣ ತಿಳಿದು ಹೇಳುವ ‘ಇಲ್ಲ’ವೂ ವಿಜ್ಞಾನವೇ. ಕಲ್ಲಿನ ಮೇಲೆ ಗುರುತು ಕಂಡೊಡನೆ ಯಾರೋ ಹೇಳಿದ್ದನ್ನು ನಂಬಬೇಡಿ. ಆ ಕಲ್ಲು ಹುಟ್ಟಿದ್ದು ಹೇಗೆಂದು ಮೊದಲು ಕೇಳಿ.