ಕಳುಹಿಸಿದ ಮಾತ್ರಕ್ಕೆ ತಲುಪಿತೇ?

ಇಳಕಲ್ ಸೀರೆ ಮಾರುವ ಜಾಲತಾಣದ ಆಡಳಿತ ಪುಟಕ್ಕೆ ಇಮೇಲ್ ಕಳುಹಿಸುವ ಗುಂಡಿಯೊಂದನ್ನು ಸೇರಿಸುವುದು ಸುಲಭ. ಒತ್ತಿದೊಡನೆ ಅದು ‘ತಲುಪಿತು’ ಎಂದು ಸಾರಿದರೆ ಮಾತ್ರ ಅನರ್ಥ. 1982ರಲ್ಲಿ ಜಾನ್ ಪೋಸ್ಟೆಲ್ ಪ್ರಕಟಿಸಿದ ಎಸ್‌ಎಂಟಿಪಿ ನಿಯಮಾವಳಿಯಂತೆ, ಪತ್ರವನ್ನು ಒಪ್ಪಿಸಿದಾಗ ಎದುರಿನ ಗಣಕಯಂತ್ರವು ನೀಡುವ 250 ಎಂಬ ಉತ್ತರಕ್ಕೆ ‘ವಹಿಸಿಕೊಂಡಿದ್ದೇನೆ’ ಎಂಬಷ್ಟೇ ಅರ್ಥ. ಆ ಬಳಿಕವೂ ಪತ್ರವು ಹಿಂದಿರುಗಬಹುದು. ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಅಡಗಿರಲೂಬಹುದು.

ಗಿರಾಕಿಯು ಬಣ್ಣ ಬದಲಿಸಿದ ಸುದ್ದಿ ನೇಕಾರನಿಗೆ ಮುಟ್ಟದಿದ್ದರೆ? ಇಳಕಲ್ ಸೀರೆಯಲ್ಲಿ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಜೋಡಿಸುವರು. ಅನಂತರ ಬಣ್ಣ ಬದಲಿಸಬೇಕಾದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಆದುದರಿಂದ ಬಾಗಲಕೋಟೆ, ಹುನಗುಂದಗಳ ವಿದ್ಯಾರ್ಥಿಮಿತ್ರರು ಇಂಥ ಪುಟವನ್ನು ರಚಿಸುವಾಗ ‘ವಹಿಸಲಾಯಿತು’, ‘ಹಿಂದಿರುಗಿತು’, ‘ನೇಕಾರನು ಉತ್ತರಿಸಿದನು’ ಎಂಬ ಮೂರು ಸ್ಥಿತಿಗಳನ್ನು ಬೇರೆಬೇರೆಯಾಗಿ ದಾಖಲಿಸಲಿ. ಮೂರನೆಯದು ಬರುವವರೆಗೆ ಕಾರ್ಯವು ಮುಗಿಯಿತೆಂದು ಯಂತ್ರವು ಹೇಳಲಾಗದು.