ಹಿಡಿದವನ ಲೆಕ್ಕ ಬರೆಯೋರು ಯಾರು?

ಪಂಚಮಿ ಹಬ್ಬಕ್ಕೆ ಊರಿಗೆ ಹೋಗಿ ಬಂದೆ. ಊರು ಅಂದ್ರೆ ಇಂಡಿ ತಾಲೂಕಿನ ಒಂದು ಹಳ್ಳಿ, ಭೀಮಾ ನದಿ ಕಡೆಗೆ. ಶೇಂಗಾ ಉಂಡಿ ತಿಂದು, ಜೋಕಾಲಿ ನೋಡಿ, ಒಂದು ಚೀಲ ನಿಂಬೆಹಣ್ಣು ಹೊತ್ತುಕೊಂಡು ಬೆಂಗಳೂರಿಗೆ ವಾಪಸ್ ಬಂದು ಎರಡು ವಾರ ಆಯ್ತು. ಆದ್ರೆ ಅಲ್ಲಿ ಗೆಳೆಯನೊಬ್ಬ ಕೇಳಿದ ಪ್ರಶ್ನೆ ಮಾತ್ರ ಇನ್ನೂ ತಲೆಯಿಂದ ಇಳಿದಿಲ್ಲ. ಬರೆದಾದ್ರೂ ಹಗುರಾಗೋಣ ಅಂತ ಕೂತಿದ್ದೀನಿ.

ಆ ಗೆಳೆಯ ಮತ್ತೆ ನಾನು ಹೈಸ್ಕೂಲಿನಲ್ಲಿ ಒಟ್ಟಿಗೆ ಕಬಡ್ಡಿ ಆಡಿದವರು. ಅವನು ಬಲಗಡೆ ಕಾರ್ನರ್. ನಾನು ಅವನ ಪಕ್ಕ, ಅವನ ಕೈ ಹಿಡಿದು ನಿಲ್ಲೋನು. ಕಬಡ್ಡಿ ಆಡಿದವರಿಗೆ ಗೊತ್ತು, ಆ ಕೈ ಎಂಥಾದ್ದು ಅಂತ. ಅವನು ಜಿಗಿಯೋಕೆ ಮುಂಚೆ ಬೆರಳು ಒಂದು ಸಲ ಒತ್ತೋನು. ಅಷ್ಟೇ ಸಿಗ್ನಲ್ಲು. ಮರುಕ್ಷಣ ರೇಡರನ ಪಾದ ಅವನ ಕೈಯಲ್ಲಿ ಇರ್ತಿತ್ತು, ನಾನು ಮೇಲೆ ಬಿದ್ದಿರ್ತಿದ್ದೆ.

ತಾಲೂಕು ಮಟ್ಟದ ಸೆಮಿಫೈನಲ್ ನನಗಿನ್ನೂ ನೆನಪಿದೆ. ಒಂದೇ ಮ್ಯಾಚಿನಲ್ಲಿ ಆರು ಜನರನ್ನ ಹಿಡಿದಿದ್ದ. ನಾವು ಎರಡು ಪಾಯಿಂಟಿನಿಂದ ಸೋತ್ವಿ. ಉತ್ತಮ ಆಟಗಾರ ಅಂತ ಒಂದು ಸ್ಟೀಲ್ ಡಬ್ಬಿ ಕೊಟ್ಟರು, ಅದು ನಮ್ಮ ತಂಡದ ರೇಡರನಿಗೆ ಹೋಯ್ತು. ಅವನೂ ಚೆನ್ನಾಗೇ ಆಡಿದ್ದ, ಇಲ್ಲ ಅನ್ನಲ್ಲ. ಆದ್ರೆ ಆ ಆರು ಹಿಡಿತ ಎಲ್ಲಿ ಹೋದವು? ಹಾಳೆಯ ಮೇಲೆ ಎರಡೂ ತಂಡದ ಒಟ್ಟು ಪಾಯಿಂಟು ಮಾತ್ರ ಇತ್ತು. ಹಿಡಿದವನ ಹೆಸರು ಎಲ್ಲೂ ಇರಲಿಲ್ಲ. ಹತ್ತನೇ ಕ್ಲಾಸು ಮುಗಿದ ಮೇಲೆ ಅವನು ಮನೆಯವರ ಜೊತೆ ಕಬ್ಬು ಕಡಿಯೋಕೆ ಸೊಲ್ಲಾಪುರದ ಕಡೆ ಹೋದ. ನಾನು ಕಾಲೇಜಿಗೆ ಹೋದೆ. ಕಥೆ ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ.

ಮುಗಿದಿಲ್ಲ. ಈಗ ಅವನ ಮಗ ಒಂಬತ್ತನೇ ಕ್ಲಾಸು. ಅವನೂ ಬಲಗಡೆ ಕಾರ್ನರ್! ಹಬ್ಬದ ಮರುದಿನ ಶಾಲೆ ಮೈದಾನದಲ್ಲಿ ಹುಡುಗರ ಆಟ ನೋಡ್ತಾ ನಿಂತಾಗ ಗೆಳೆಯ ಕೇಳಿದ್ದು ಇದನ್ನೇ:

"ದೋಸ್ತ, ನೀ ಓದಿದಾಂವ, ನೀ ಹೇಳು. ಇವನ್ನ ಆಟಕ್ಕ ಬಿಡ್ಲ್ಯೋ, ಬ್ಯಾಡೋ?"

ಸಟ್ಟನೆ ಉತ್ತರ ಕೊಡೋಕೆ ಆಗಲಿಲ್ಲ. ಆದ್ರೆ ಆಗ ನನ್ನ ತಲೇಲಿ ಬಂದಿದ್ದು, ನಂಬ್ತೀರೋ ಇಲ್ವೋ, ಅಮೆರಿಕನ್ ಫುಟ್‌ಬಾಲು :)

ಆಫೀಸಿನಲ್ಲಿ ಅಮೆರಿಕಾದವರ ಜೊತೆ ಕೆಲಸ ಮಾಡಿ ಮಾಡಿ ನನಗೆ ಆ ಆಟದ ಹುಚ್ಚು ಸ್ವಲ್ಪ ಹತ್ತಿದೆ. ಅವರ ಭಾನುವಾರ ರಾತ್ರಿಯ ಸೂಪರ್ ಬೌಲ್ ನಮಗೆ ಸೋಮವಾರ ಬೆಳಗಿನ ಜಾವ. ಮೊದಮೊದಲು ಏನೂ ತಿಳೀತಿರಲಿಲ್ಲ. ಒಂದಿನ ಹೊಳೀತು, ಅರೆ, ಇದರಲ್ಲೂ ನಮ್ಮ ಕಾರ್ನರ್ ಇದ್ದಾನಲ್ಲ! ಚೆಂಡು ಎಸೆಯೋ ಕ್ವಾರ್ಟರ್‌ಬ್ಯಾಕ್ ನಮ್ಮ ರೇಡರನ ಹಾಗೆ. ಊರೆಲ್ಲ ಅವನನ್ನೇ ನೋಡೋದು. ಅವನಿಗೆ ಅಡ್ಡವಾಗಿ ಐದು ಜನ ಗೋಡೆ ಥರ ನಿಲ್ತಾರೆ. ಆ ಗೋಡೆ ಒಡೆದು ಒಳಗೆ ನುಗ್ಗಿ ಅವನನ್ನ ಕೆಡವೋನು ಡಿಫೆನ್ಸಿವ್ ಲೈನ್‌ಮನ್. ನೂರಮೂವತ್ತು ಕಿಲೋ ಆಸುಪಾಸಿನ ದೇಹ, ಕೈಯಲ್ಲಿ ಚೆಂಡು ಬರೋದೇ ಅಪರೂಪ. ಹೀಗೆ ಚೆಂಡು ಎಸೆಯೋಕೆ ಮುಂಚೆ ಕ್ವಾರ್ಟರ್‌ಬ್ಯಾಕನ್ನ ಕೆಡವೋದಕ್ಕೆ 'ಸ್ಯಾಕ್' ಅಂತಾರೆ.

ಈಗ ಒಂದು ಸ್ವಾರಸ್ಯ ಕೇಳಿ. ಈ ಸ್ಯಾಕುಗಳನ್ನ ಆಟಗಾರರ ಹೆಸರಲ್ಲಿ ಎನ್‌ಎಫ್‌ಎಲ್ ಅಧಿಕೃತವಾಗಿ ಲೆಕ್ಕ ಇಡೋಕೆ ಶುರು ಮಾಡಿದ್ದು 1982ರಲ್ಲಿ! ಅದಕ್ಕೂ ಮುಂಚೆ ಆಡಿದ ಡೀಕನ್ ಜೋನ್ಸ್ ಅನ್ನೋ ಮಹಾನ್ ಡಿಫೆನ್ಸಿವ್ ಎಂಡ್ ಹೆಸರಲ್ಲಿ ಇವತ್ತಿಗೂ ಅಧಿಕೃತವಾಗಿ ಒಂದೂ ಸ್ಯಾಕ್ ಇಲ್ಲ. 'ಸ್ಯಾಕ್' ಅನ್ನೋ ಮಾತನ್ನ ಚಾಲ್ತಿಗೆ ತಂದೋನೇ ಅವನು! ಫ್ಲಾರಿಡಾದ ಬಡ ಕಪ್ಪು ಕುಟುಂಬದ ಹುಡುಗ, ಸಣ್ಣ ಕಾಲೇಜುಗಳಲ್ಲಿ ಆಡಿದೋನು. 1961ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಅವನನ್ನ ಆರಿಸಿಕೊಂಡಿದ್ದು ಹದಿನಾಲ್ಕನೇ ಸುತ್ತಿನಲ್ಲಿ. ಅದೂ ಹೇಗೆ? ತಂಡದವರು ಬೇರೊಬ್ಬ ಆಟಗಾರನ ಫಿಲ್ಮ್ ನೋಡ್ತಾ ಇದ್ದಾಗ, ಅಷ್ಟು ದೊಡ್ಡ ದೇಹದ ಇವನು ಓಡೋದು ಕಣ್ಣಿಗೆ ಬಿತ್ತು ಅಂತ ಹೇಳ್ತಾರೆ. 2021ರಲ್ಲಿ ಹಳೇ ದಾಖಲೆ ಕೆದಕಿದ ಸಂಶೋಧಕರು ಅವನ ಸ್ಯಾಕ್ ಎಣಿಸಿದ್ರು. 173.5. ಇವತ್ತಿನ ಲೆಕ್ಕದಲ್ಲೂ ಮೇಲಿನ ಸಾಲಿನಲ್ಲಿ ನಿಲ್ಲೋ ಸಂಖ್ಯೆ. ಆದ್ರೆ ಅಷ್ಟೊತ್ತಿಗೆ ಅವನು ತೀರಿಕೊಂಡು ಎಂಟು ವರ್ಷ ಆಗಿತ್ತು.

ಇದನ್ನ ಓದಿದಾಗ ನನಗೆ ನಮ್ಮ ಸೆಮಿಫೈನಲ್ ನೆನಪಾಗದೆ ಇರುತ್ತಾ ಹೇಳಿ?

ಜೋನ್ಸ್ ಕಾಲ ಹೋಯ್ತು. ಈಗ ಅಲ್ಲಿನ ದಾರಿ ಹೇಗಿದೆ ಅನ್ನೋದಕ್ಕೆ ಜೆ.ಜೆ. ವಾಟ್ ಸಾಕ್ಷಿ. ವಿಸ್ಕಾನ್ಸಿನ್ ರಾಜ್ಯದ ಪಿವಾಕಿ ಅನ್ನೋ ಸಣ್ಣ ಊರಿನ ಹೈಸ್ಕೂಲ್ ಹುಡುಗ. ದೊಡ್ಡ ಕಾಲೇಜುಗಳು ಅವನನ್ನ ಅಷ್ಟಾಗಿ ಕೇಳಲಿಲ್ಲ. 2007ರಲ್ಲಿ ಸೆಂಟ್ರಲ್ ಮಿಷಿಗನ್‌ನಲ್ಲಿ ಆಡಿದ, ಅದೂ ಚೆಂಡು ಹಿಡಿಯೋ ಟೈಟ್ ಎಂಡ್ ಜಾಗದಲ್ಲಿ. ಆಮೇಲೆ ಸ್ಕಾಲರ್‌ಶಿಪ್ ಬಿಟ್ಟು, ತನ್ನ ರಾಜ್ಯದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಸ್ಕಾಲರ್‌ಶಿಪ್ ಇಲ್ಲದೆ ಬಂದ. ನಡುವೆ ಮನೆಮನೆಗೆ ಪಿಜ್ಜಾ ಹಂಚೋ ಕೆಲಸ ಮಾಡಿದ. ಜಾಗ ಬದಲಿಸಿ ಡಿಫೆನ್ಸಿವ್ ಲೈನಿಗೆ ಬಂದ. 2011ರಲ್ಲಿ ಮೊದಲ ಸುತ್ತಿನಲ್ಲೇ ಹನ್ನೊಂದನೆಯವನಾಗಿ ಹ್ಯೂಸ್ಟನ್ ತಂಡ ಸೇರಿದ. 2012, 2014, 2015, ಮೂರು ಸಲ ವರ್ಷದ ಅತ್ಯುತ್ತಮ ಡಿಫೆನ್ಸ್ ಆಟಗಾರ.

ಅವನ ಛಲ ದೊಡ್ಡದು, ಒಪ್ಪೋಣ. ಆದ್ರೆ ಬರೀ ಛಲದಿಂದ ಇದಾಯ್ತಾ? ನನ್ನ ಗೆಳೆಯನಿಗೂ ಛಲ ಇತ್ತಲ್ಲ! ವಾಟ್ ಆಡಿದ ಪ್ರತಿ ಹಂತದಲ್ಲೂ ಯಾರೋ ಒಬ್ಬರು ಫಿಲ್ಮ್ ತೆಗೀತಿದ್ರು, ಯಾರೋ ಎಣಿಸ್ತಿದ್ರು. ಅವನು ಎಷ್ಟು ಸಲ ಗೋಡೆ ಒಡೆದ ಅನ್ನೋದು ಕಾಗದದ ಮೇಲೆ ಇತ್ತು. ಆ ಕಾಗದ ಅವನಿಗಿಂತ ಮುಂದೆ ಹೋಗ್ತಿತ್ತು.

ಹಾಗಂತ ಅಲ್ಲಿ ಎಲ್ಲಾ ಹಾಲು ಜೇನು ಅಂತ ತಿಳೀಬೇಡಿ. ಅಲ್ಲಿ ಹೈಸ್ಕೂಲಿನಲ್ಲಿ ಆಡೋರು ಸುಮಾರು 10 ಲಕ್ಷ ಹುಡುಗರು. ಎನ್‌ಸಿಎಎ ಕಾಲೇಜುಗಳಲ್ಲಿ ಆಡೋರು 70 ಸಾವಿರದ ಮೇಲೆ. ವರ್ಷಕ್ಕೊಮ್ಮೆ ನಡೆಯೋ ಡ್ರಾಫ್ಟಿನ ಏಳು ಸುತ್ತಿನಲ್ಲಿ 32 ತಂಡಗಳು ಸೇರಿ ಆರಿಸಿಕೊಳ್ಳೋದು 250ರ ಆಸುಪಾಸು ಅಷ್ಟೇ. ತಲೆಗೆ ಪೆಟ್ಟು ತಿಂದು ತಿಂದು ನಲವತ್ತು ಐವತ್ತಕ್ಕೇ ನೆನಪು ಕಳ್ಕೊಂಡ ಹಳೇ ಆಟಗಾರರು ಕೋರ್ಟಿಗೆ ಹೋಗಿ ಪರಿಹಾರ ತಗೊಂಡ ಕಥೆ ಬೇರೆ ಇದೆ. ಆದ್ರೆ ಅವರದ್ದೊಂದು ನಿಯಮ ನನಗೆ ಇಷ್ಟ. ಹೈಸ್ಕೂಲ್ ಮುಗಿಸಿ ಮೂರು ವರ್ಷ ಆಗೋವರೆಗೂ ಎನ್‌ಎಫ್‌ಎಲ್ ಯಾರನ್ನೂ ಸೇರಿಸಿಕೊಳ್ಳಲ್ಲ. ಹಾಗಾಗಿ ಸಾಮಾನ್ಯವಾಗಿ ಎಲ್ಲರೂ ಕಾಲೇಜಿನ ಮೆಟ್ಟಿಲು ಹತ್ತಿಯೇ ಹೋಗ್ತಾರೆ. ಆಟ ಕೈ ಕೊಟ್ಟರೂ ಓದಿದ್ದು ಅಷ್ಟಾದ್ರೂ ಉಳಿಯುತ್ತೆ.

ಈಗ ನಮ್ಮ ಕಡೆ ಬರೋಣ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಹಿಡಿಯೋರಿಗೂ ಬೆಲೆ ಬಂತು. ಕುಸ್ತಿ ಬಿಟ್ಟು ಕಬಡ್ಡಿಗೆ ಬಂದ ಇರಾನಿನ ಫಜಲ್ ಅತ್ರಾಚಲಿ, ಎಡಗಡೆ ಕಾರ್ನರ್, 2018ರ ಹರಾಜಿನಲ್ಲಿ 1 ಕೋಟಿಗೆ ಯು ಮುಂಬಾ ಪಾಲಾದ. ಅದೇ ಸೀಸನ್ನಿನಲ್ಲಿ ಯುಪಿ ಯೋಧಾದ ನಿತೇಶ್ ಕುಮಾರ್, ನಮ್ಮ ಗೆಳೆಯನ ಹಾಗೆ ಬಲಗಡೆ ಕಾರ್ನರ್, ಒಂದೇ ಸೀಸನ್ನಿನಲ್ಲಿ 100 ಟ್ಯಾಕಲ್ ಪಾಯಿಂಟು ತಗೊಂಡ. ಹಾಗೆ ಮಾಡಿದ ಮೊದಲಿಗ. 2025ರ ಹರಾಜಿನಲ್ಲಿ ಇರಾನಿನ ಇನ್ನೊಬ್ಬ ಹಿಡಿಯೋನು, ಮೊಹಮ್ಮದ್‌ರೆಜಾ ಶಾದ್ಲೂಯಿ, 2.23 ಕೋಟಿಗೆ ಗುಜರಾತ್ ತಂಡಕ್ಕೆ ಹೋದ. ಇದೆಲ್ಲ ನಮಗೆ ಹೇಗೆ ಗೊತ್ತು? ಅಲ್ಲಿ ಎಣಿಸ್ತಾರೆ. ಟಿವಿ ಪರದೆ ಮೇಲೆ ಹಿಡಿದವನ ಹೆಸರು ಬರುತ್ತೆ.

ಸಮಸ್ಯೆ ಇರೋದು ಮೇಲಲ್ಲ, ಕೆಳಗೆ. ವಲಯ ಮಟ್ಟ, ತಾಲೂಕು ಮಟ್ಟ, ಜಿಲ್ಲಾ ಮಟ್ಟ, ಆಮೇಲೆ ಬೆಳಗಾವಿ ವಿಭಾಗ, ಆಮೇಲೆ ರಾಜ್ಯ. ಮೆಟ್ಟಿಲೇನೋ ಇದೆ. ಆದ್ರೆ ತಂಡ ಸೋತರೆ ಹುಡುಗನೂ ಸೋತ ಹಾಗೆ. ಸೋತ ತಂಡದ ಕಾರ್ನರ್ ಆರು ಜನರನ್ನ ಹಿಡಿದಿದ್ದ ಅನ್ನೋದು ಆಯ್ಕೆ ಮಾಡೋರ ಕಣ್ಣಿಗೆ ಬೀಳೋದು ಹೇಗೆ? ರೇಡರ್ ಒಂಟಿಯಾಗಿ ಹೋಗ್ತಾನೆ, ಎಲ್ಲರೂ ನೋಡ್ತಾರೆ. ಹಿಡಿದಾಗ ಮಾತ್ರ ಏಳು ಜನ ಒಬ್ಬರ ಮೇಲೊಬ್ಬರು ಬಿದ್ದಿರ್ತಾರೆ, ಮೊದಲು ಕಾಲು ಹಿಡಿದವನು ಎಲ್ಲರಿಗಿಂತ ಕೆಳಗೆ!

ಕರಾವಳಿ ಕಡೆ ನೋಡಿ. ಅಲ್ಲಿ ಊರೂರಿಗೆ ಹೊನಲು ಬೆಳಕಿನ ಪಂದ್ಯ. ನೂರಾರು ಜನ ಕೂತು ನೋಡ್ತಾರೆ, ಅದರಲ್ಲಿ ಆಟ ಬಲ್ಲವರೂ ಇರ್ತಾರೆ. ಕಾರ್ಕಳ ಕಡೆಯಿಂದ ಮಮತಾ ಪೂಜಾರಿ, ಸುಕೇಶ್ ಹೆಗ್ಡೆ, ಪುತ್ತೂರು ಕಡೆಯಿಂದ ಪ್ರಶಾಂತ್ ಕುಮಾರ್ ರೈ ಬಂದಿದ್ದು ಸುಮ್ಮನೆ ಅಲ್ಲ. ನೋಡೋ ಕಣ್ಣು ಅಲ್ಲಿ ಜಾಸ್ತಿ.

ನಮ್ಮ ವಿಜಯಪುರ ಜಿಲ್ಲೆಯ ಹುಡುಗರಲ್ಲಿ ಶಕ್ತಿ ಇಲ್ವಾ? ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತೋದನ್ನ ನೋಡಿದವರು ಹಾಗನ್ನಲ್ಲ. ಅಷ್ಟೇ ಅಲ್ಲ, ನಮ್ಮ ಜಿಲ್ಲೆ ಸೈಕ್ಲಿಂಗಿಗೆ ಹೆಸರುವಾಸಿ. ಹಳ್ಳಿ ಹುಡುಗರು ಸೈಕಲ್ ತುಳಿದು ರಾಷ್ಟ್ರಮಟ್ಟಕ್ಕೆ ಹೋಗಿದ್ದಾರೆ, ರೈಲ್ವೆಯಲ್ಲಿ ನೌಕರಿ ಹಿಡಿದಿದ್ದಾರೆ. ಯಾಕೆ ಆಯ್ತು ಅಂತ ಯೋಚಿಸಿದೆ. ಕ್ರೀಡಾ ಹಾಸ್ಟೆಲ್ ಒಂದು ಕಾರಣ. ಇನ್ನೊಂದು, ಸೈಕಲ್ಲಿನಲ್ಲಿ ಗಡಿಯಾರ ಇದೆ. ಯಾವ ಊರಿನೋನಾದ್ರೂ, ಯಾರ ಮಗನಾದ್ರೂ, ಇಷ್ಟು ನಿಮಿಷ ಇಷ್ಟು ಸೆಕೆಂಡು ಅಂದ್ರೆ ಮುಗೀತು. ಗಡಿಯಾರಕ್ಕೆ ವಶೀಲಿ ನಡೆಯಲ್ಲ. ಕಾರ್ನರ್ ಹುಡುಗನಿಗೆ ಅಂಥ ಗಡಿಯಾರ ಇಲ್ಲ.

ಅದಕ್ಕೇ ನಾನು ಹೇಳೋದು ಇಷ್ಟೇ. ಮ್ಯಾಟ್ ಬರಲಿ, ಹಾಸ್ಟೆಲ್ ಬರಲಿ, ಬೇಡ ಅನ್ನೋಲ್ಲ. ಅದಕ್ಕೆ ದುಡ್ಡು ಬೇಕು, ಮಂಜೂರಾತಿ ಬೇಕು. ಲೆಕ್ಕ ಬರೆಯೋಕೆ ಏನು ಬೇಕು? ಒಂದು ನೋಟ್‌ಬುಕ್ಕು. ಪ್ರತಿ ಮ್ಯಾಚಿಗೆ ಪ್ರತಿ ಹುಡುಗನ ಹೆಸರು, ಎಷ್ಟು ಸಲ ಹಿಡಿಯೋಕೆ ಹೋದ, ಎಷ್ಟು ಸಲ ಸಿಕ್ಕಿತು, ಎಷ್ಟು ಸಲ ತಪ್ಪಿತು. ಮೂರು ಮಂದಿ ಅಥವಾ ಅದಕ್ಕಿಂತ ಕಡಿಮೆ ಉಳಿದಾಗ ಹಿಡಿದನಾ, ಅಂದ್ರೆ ಸೂಪರ್ ಟ್ಯಾಕಲ್ಲಾ? ಈಗಂತೂ ಎಲ್ಲರ ಜೇಬಲ್ಲೂ ಮೊಬೈಲಿದೆ. ಮ್ಯಾಚನ್ನ ಪೂರ್ತಿ ಹಿಡಿದಿಟ್ಟರೆ ಅದೇ ಫಿಲ್ಮು. ಜೋನ್ಸ್‌ನನ್ನ ರ‍್ಯಾಮ್ಸಿಗೆ ತೋರಿಸಿದ್ದೂ ಅಂಥದ್ದೇ ಒಂದು ಫಿಲ್ಮಲ್ವಾ? ಪ್ರೊ ಕಬಡ್ಡಿಯವರು 2017ರಲ್ಲಿ ಫ್ಯೂಚರ್ ಕಬಡ್ಡಿ ಹೀರೋಸ್ ಅಂತ ಊರೂರಲ್ಲಿ ಹೊಸ ಹುಡುಗರನ್ನ ಹುಡುಕೋಕೆ ಹೊರಟಿದ್ರು. ಅಂಥೋರು ಬಂದಾಗ "ಈ ಹುಡುಗ ಚಲೋ ಆಡ್ತಾನ್ರೀ" ಅನ್ನೋದು ಬೇರೆ, ಮೂರು ವರ್ಷದ ಲೆಕ್ಕ ಮುಂದಿಡೋದು ಬೇರೆ.

"ಪಾಪ, ಪಿ.ಟಿ. ಮಾಸ್ತರು ಒಬ್ಬರೇ ಎಷ್ಟು ಮಾಡಬೇಕು?" ಅಂತ ಕೇಳಬಹುದು. ನಿಜ. ಬರೆಯೋದು ಮಾಸ್ತರೇ ಆಗಬೇಕಿಲ್ಲ. ಆಟ ಆಡದ, ಲೆಕ್ಕದಲ್ಲಿ ಚುರುಕಾದ ಒಬ್ಬ ಹುಡುಗನೋ ಹುಡುಗಿಯೋ ಪ್ರತಿ ಶಾಲೆಯಲ್ಲೂ ಇರ್ತಾರೆ. ನಾನಂತೂ ಆ ಕಾಲಕ್ಕೆ ಬರೆಯಬಹುದಿತ್ತು. ಅವನ ಪಕ್ಕದಲ್ಲೇ ನಿಂತಿದ್ದೆ, ಆರೂ ಹಿಡಿತ ನನ್ನ ಕಣ್ಣಾರೆ ನೋಡಿದ್ದೆ. ಹೊಳೆಯಲಿಲ್ಲ. ಈ ಒಂದು ಕೊರಗು ನನಗೆ ಇದೆ.

ಗೆಳೆಯನಿಗೆ ಏನು ಹೇಳಿದೆ ಅಂತ ಕೇಳ್ತೀರಾ? "ಆಟಕ್ಕ ಬಿಡು, ಆದ್ರ ಸಾಲಿ ಬಿಡಿಸಬ್ಯಾಡ. ಪಿಯುಸಿ ಮುಗಿಯೂತನಕ ಕಬ್ಬಿಗೆ ಕಳಸಬ್ಯಾಡ" ಅಂದೆ. ಕೋಟಿ ಸಿಗುತ್ತೆ ಅಂತ ಹೇಳಲಿಲ್ಲ. ಸಿಗೋರು ಬೆರಳೆಣಿಕೆ. ಪೊಲೀಸು, ರೈಲ್ವೆ, ಸೇನೆ, ಎಲ್ಲಾದ್ರೂ ಕ್ರೀಡಾ ಕೋಟಾ ನೋಡಬೇಕಂದ್ರೂ ಕೈಯಲ್ಲಿ ಮಾರ್ಕ್ಸ್ ಕಾರ್ಡ್ ಬೇಕು, ಆಡಿದ್ದಕ್ಕೆ ಕಾಗದ ಬೇಕು. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಈ ವರ್ಷ ಟೋಳಿ ಮುಕಾದಮನ ಹತ್ರ ಮುಂಗಡ ತಗೊಂಡೇನಿ" ಅಂದ ಅಷ್ಟೇ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೊರಡೋ ದಿನ ಇಂಡಿ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಒಂದು ದಪ್ಪ ನೋಟ್‌ಬುಕ್ ಕೊಂಡು ಹುಡುಗನ ಕೈಗೆ ಕೊಟ್ಟೆ. ಗೆರೆ ಎಳೆದು, ಮೇಲೆ ತಾರೀಖು, ಎದುರಾಳಿ, ಹಿಡಿದದ್ದು, ತಪ್ಪಿದ್ದು ಅಂತ ಬರೆದು ತೋರಿಸಿದೆ. ಹುಡುಗ ನೋಡಿ, "ಕಾಕಾ, ತಪ್ಪಿದ್ದೂ ಬರೀಬೇಕೇನ್ರಿ?" ಅಂದ. "ಅದನ್ನ ಮೊದಲ ಬರಿ" ಅಂದೆ.

ಮೊನ್ನೆ ಫೋನಿನಲ್ಲಿ ಫೋಟೋ ಬಂತು. ವಲಯ ಮಟ್ಟದ ಮೊದಲ ಮ್ಯಾಚು. ಹಿಡಿದದ್ದು ನಾಲ್ಕು, ತಪ್ಪಿದ್ದು ಮೂರು. ತಂಡ ಸೋತಿದೆ. ಆದ್ರೆ ಆ ನಾಲ್ಕು ಈ ಸಲ ಎಲ್ಲೂ ಹೋಗಿಲ್ಲ.

ನಿಮ್ಮೂರ ಶಾಲೆಗಳಲ್ಲಿ ಹೇಗೆ? ಹಿಡಿದವನ ಹೆಸರು ಯಾರಾದ್ರೂ ಬರೀತಾರಾ? ಗೊತ್ತಿದ್ದವರು ಹೇಳಿ. ಮುಂದಿನ ಸಲ ಊರಿಗೆ ಹೋದಾಗ ಮಾಸ್ತರಿಗೆ ತೋರಿಸ್ತೀನಿ.