ಛಾಪಾ ಕಾಗದದ ಮೇಲೆ ಮನೆ ನಿಲ್ಲದು

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಮ್ಮ ಪಕ್ಷದ ಕಛೇರಿಗೆ ಎಣ್ಣೆ ಗಿರಣಿಯ ಕಾರ್ಮಿಕರೊಬ್ಬರು ಹೆಂಡತಿಯೊಡನೆ ಬಂದರು. ಚೀಲದಲ್ಲಿ ಸುತ್ತಿ ತಂದಿದ್ದ ಕಾಗದಗಳನ್ನು ಮೇಜಿನ ಮೇಲೆ ಬಿಡಿಸಿಟ್ಟು, "ಮೇಷ್ಟ್ರೇ, ದುಡ್ಡು ಕೊಟ್ಟಿದ್ದೇನೆ, ಸಹಿ ಇದೆ, ಸಾಕ್ಷಿ ಇದೆ. ಆರು ವರ್ಷದಿಂದ ಕಂದಾಯ ಕಟ್ಟಿದ್ದೇನೆ. ಮನೆ ನನ್ನದಲ್ಲವೇ?" ಎಂದು ಕೇಳಿದರು.

ಇಪ್ಪತ್ತು-ಮೂವತ್ತರ ನಿವೇಶನ. ಚೀಟಿಯ ಹಣ, ಹೆಂಡತಿಯ ಓಲೆ ಮಾರಿದ ಹಣ, ಎಲ್ಲವನ್ನೂ ಕಂತುಕಂತಾಗಿ ಕೊಟ್ಟು, ಛಾಪಾ ಕಾಗದದ ಮೇಲೆ ಕರಾರು ಬರೆಸಿಕೊಂಡು, ಶೀಟಿನ ಮನೆ ಕಟ್ಟಿಕೊಂಡಿದ್ದಾರೆ. ಈಗ ಅದೇ ಜಾಗಕ್ಕೆ ಬೇರೊಬ್ಬರು ರಿಜಿಸ್ಟರಾದ ಕ್ರಯಪತ್ರ ಹಿಡಿದು ಬಂದಿದ್ದಾರೆ. ಮಾರಿದವನು ಒಬ್ಬನೇ, ಕೊಂಡವರು ಇಬ್ಬರು! ಮನೆ ಕಟ್ಟಿ ನೋಡು ಎಂದರು ಹಿರಿಯರು. ಕಟ್ಟಿದ ಮೇಲೆ ಉಳಿಸಿಕೊಂಡು ನೋಡು ಎಂದು ನಾವು ಸೇರಿಸಬೇಕಾಗಿದೆ.

ಅವರಿಗೆ ಅಂದು ಹೇಳಿದ್ದನ್ನೇ ನಮ್ಮ ಗಿರಣಿ ಬಂಧುಗಳಿಗೂ ಅಂಗಡಿ ಬೀದಿಯ ಮಿತ್ರರಿಗೂ ಇಲ್ಲಿ ಹೇಳುತ್ತೇನೆ. ನೂರು ರೂಪಾಯಿಗೂ ಮೇಲ್ಪಟ್ಟ ಬೆಲೆಯ ಮನೆ, ನಿವೇಶನ ಯಾವುದೇ ಇರಲಿ, ಸಬ್ ರಿಜಿಸ್ಟ್ರಾರ್ ಕಛೇರಿಯಲ್ಲಿ ನೋಂದಣಿಯಾದ ಕ್ರಯಪತ್ರವಿಲ್ಲದೆ ಕೊಂಡವನದಾಗುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯಿದೆಯೂ 1908ರ ನೋಂದಣಿ ಕಾಯಿದೆಯೂ ಹೇಳುವುದು ಇದನ್ನೇ. ಮಾರುವ ಕರಾರು ಎಂದರೆ ಮುಂದೆ ಮಾರುತ್ತೇನೆಂಬ ಮಾತು ಅಷ್ಟೆ. ಅದಕ್ಕೆ ನೋಟರಿಯ ಮೊಹರು ಬಿದ್ದರೂ ಅದು ಕ್ರಯಪತ್ರವಾಗದು. ಕರಾರಿನ ಬಲದ ಮೇಲೆ ಸ್ವಾಧೀನ ಪಡೆದು ಕುಳಿತವನಿಗೆ ಹಿಂದೆ ಕಾನೂನಿನ ರಕ್ಷಣೆಯಿತ್ತು. 2001ರಿಂದ ಈಚೆಗೆ ಆ ಕರಾರೂ ನೋಂದಣಿಯಾಗಿದ್ದರೆ ಮಾತ್ರ ಆ ರಕ್ಷಣೆ.

"ಜನರಲ್ ಪವರ್ ಬರೆದುಕೊಡುತ್ತೇನೆ, ರಿಜಿಸ್ಟ್ರಿ ಖರ್ಚು ಉಳಿಯುತ್ತದೆ" ಎನ್ನುವ ದಲ್ಲಾಳಿಗಳುಂಟು. ಅಧಿಕಾರಪತ್ರದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿಯೇ ಖಂಡಿತವಾಗಿ ಹೇಳಿದೆ. ಖಾತೆ, ಕಂದಾಯದ ರಸೀದಿಗಳೂ ಹಾಗೆಯೇ. ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕೆಂದು ತಿಳಿಯಲು ಪಂಚಾಯತಿಯೂ ಪುರಸಭೆಯೂ ಇಟ್ಟುಕೊಂಡ ಲೆಕ್ಕ ಅದು. ಒಡೆಯ ಯಾರೆಂದು ತೀರ್ಮಾನಿಸುವ ಕಾಗದವಲ್ಲ.

ನಮ್ಮ ಚಂದ್ರವಳ್ಳಿಗೆ ಹೋದವರು ಭೈರವೇಶ್ವರನ ಗುಡಿಯ ಬಳಿಯ ಬಂಡೆಯನ್ನು ನೋಡಿರುತ್ತೀರಿ. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ಸಂಗತಿಯನ್ನು ಆ ಬಂಡೆಯ ಮೇಲೆ ಪ್ರಾಕೃತ ಭಾಷೆಯಲ್ಲಿ ಕೆತ್ತಿದ್ದಾರೆ. ಸಾವಿರದ ಆರುನೂರು ವರ್ಷಕ್ಕೂ ಹಿಂದಿನ ಮಾತು. ಬಯಲಿನ ಬಂಡೆಯ ಮೇಲೆ ಬರೆದದ್ದನ್ನು ಹೋಗಿಬರುವವರೆಲ್ಲ ನೋಡುತ್ತಾರೆ. ನಾಳೆ ಯಾರೂ ಇಲ್ಲವೆನ್ನುವಂತಿಲ್ಲ. ಇಂದಿನ ರಿಜಿಸ್ಟ್ರಿಯ ಗುಟ್ಟೂ ಇಷ್ಟೆ. ಯಾವ ಮನೆ ಯಾರಿಂದ ಯಾರಿಗೆ ಹೋಯಿತೆಂಬುದು ಊರಿಗೆಲ್ಲ ತೆರೆದ ದಫ್ತರದಲ್ಲಿ ದಾಖಲಾಗುತ್ತದೆ. ಟ್ರಂಕಿನಲ್ಲಿ ಮಡಿಸಿಟ್ಟ ಕರಾರನ್ನು ನೋಡಿದವರು ಯಾರು?

ಹಾಗಾದರೆ ಕೊಳ್ಳುವ ಮೊದಲು ನೋಡಬೇಕಾದದ್ದೇನು? ಮೊದಲನೆಯದು ಋಣಭಾರ ಪತ್ರ. 30 ವರ್ಷದ್ದನ್ನಾದರೂ ತೆಗೆಸಿರಿ. ಸರ್ಕಾರದ ಕಾವೇರಿ ಜಾಲತಾಣದಲ್ಲಿಯೂ ಅದು ಸಿಗುತ್ತದೆ. ನಮೂನೆ 15ರಲ್ಲಿ ಬಂದರೆ ಅದರಲ್ಲಿ ವ್ಯವಹಾರಗಳಿವೆ ಎಂದರ್ಥ. ನಮೂನೆ 16 ಎಂದರೆ ಆ ಅವಧಿಯಲ್ಲಿ ಏನೂ ದಾಖಲಾಗಿಲ್ಲವೆಂದರ್ಥ. ಆದರೆ ನೋಂದಣಿಯಾಗದ ಸಾಲ ಅದರಲ್ಲಿ ಕಾಣಿಸದೆ ಹೋಗಬಹುದು. ಆದ್ದರಿಂದ ಮೂಲ ಪತ್ರಗಳನ್ನು ಕಣ್ಣಾರೆ ನೋಡಿರಿ. ಜೆರಾಕ್ಸ್ ಮಾತ್ರ ತೋರಿಸುವವನ ಅಸಲು ಪತ್ರ ಯಾವ ಬ್ಯಾಂಕಿನಲ್ಲಿದೆಯೋ ಯಾರು ಬಲ್ಲರು?

ಎರಡನೆಯದು, ಮಾರುವವನಿಗೆ ಮಾರುವ ಹಕ್ಕುಂಟೆ? ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ; 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಗಟ್ಟಿ ಮಾಡಿತು. ಮುಸಲ್ಮಾನ ಕುಟುಂಬಗಳಲ್ಲಿಯೂ ಹೆಣ್ಣುಮಕ್ಕಳಿಗೆ ಪಾಲುಂಟು. "ಅಕ್ಕತಂಗಿಯರು ಏನೂ ಅನ್ನುವುದಿಲ್ಲ ಬಿಡಿ" ಎಂಬ ಮಾತನ್ನು ನಂಬಬೇಡಿ. ಅವರೂ ಬಂದು ಸಹಿ ಹಾಕಲಿ. ಅದು ಅವರ ಹಕ್ಕು, ನಿಮ್ಮ ಭದ್ರತೆ.

ಮೂರನೆಯದು, ನೆಲ ಎಂಥದು? ಹೊಲವನ್ನು ನಿವೇಶನವಾಗಿ ಮಾಡಬೇಕಾದರೆ 1964ರ ಭೂಕಂದಾಯ ಕಾಯಿದೆಯ 95ನೇ ಪ್ರಕರಣದಂತೆ ಪರಿವರ್ತನೆಯಾಗಿರಬೇಕು, ಬಡಾವಣೆಗೆ ಮಂಜೂರಾತಿ ಇರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ ಆ ಕ್ರಯ ನಿಲ್ಲುವುದಿಲ್ಲ. ಇದು ಬಡವನ ತುಂಡು ನೆಲ ಸಾಹುಕಾರನ ಪಾಲಾಗದಿರಲೆಂದು 1978ರಲ್ಲಿ ಬಂದ ಕಾಯಿದೆ. ನಾವು ಅದನ್ನು ಗೌರವಿಸಬೇಕು. ಬಡವನ ನೆಲವನ್ನು ಅಗ್ಗಕ್ಕೆ ಕೊಂಡು ಮನೆ ಕಟ್ಟಿದೆನೆಂದು ಹೆಮ್ಮೆಪಡುವುದು ನಮ್ಮವರಿಗೆ ತಕ್ಕದ್ದಲ್ಲ.

ಮಾರುವವರಿಗೂ ಒಂದು ಮಾತು, ಮುಖ್ಯವಾಗಿ ಸಾಲಕ್ಕೆ ಸಿಕ್ಕಿದ ಅಂಗಡಿಯವರಿಗೆ. "ಸಾಲದ ಭದ್ರತೆಗೆ ಕ್ರಯಪತ್ರ ಬರೆದುಕೊಡು, ತೀರಿಸಿದಾಗ ಹಿಂತಿರುಗಿಸುತ್ತೇನೆ" ಎನ್ನುವ ಲೇವಾದೇವಿಯವರು ಪೇಟೆಯಲ್ಲಿ ಕಡಿಮೆಯಿಲ್ಲ. ಹಿಂತಿರುಗಿಸುವ ಷರತ್ತು ಅದೇ ಪತ್ರದೊಳಗೆ ಇಲ್ಲದಿದ್ದರೆ ಕಾನೂನು ಅದನ್ನು ಅಡಮಾನವೆಂದು ಎಣಿಸುವುದಿಲ್ಲ. ಬಾಯಿಮಾತೂ ಬೇರೆ ಚೀಟಿಯೂ ಸಾಲವು. ಸಾಲವಾದರೆ ಸಾಲದ ಪತ್ರವನ್ನೇ ಬರೆಯಿರಿ. ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಬೇಡಿ. ಪೂರ್ತಿ ಹಣ ಕೈಗೆ ಬರುವವರೆಗೆ "ಪೂರ್ತಿ ಹಣ ಮುಟ್ಟಿದೆ" ಎಂಬ ಸಾಲಿನ ಕೆಳಗೆ ಹೆಬ್ಬೆಟ್ಟು ಒತ್ತಬೇಡಿ.

ಇಷ್ಟೆಲ್ಲ ತಿಳಿದೂ ಬಡವನು ಕರಾರಿನ ಕಾಗದಕ್ಕೇ ಯಾಕೆ ಒಪ್ಪುತ್ತಾನೆ? ಅವನ ಅಜ್ಞಾನವೊಂದೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. ನಮ್ಮ ರಾಜ್ಯದಲ್ಲಿ ನಿವೇಶನ ಕೊಂಡರೆ ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ನೂರಕ್ಕೆ 1ರಿಂದ 2ಕ್ಕೆ ಏರಿಸಿದ್ದಾರೆ. ಹತ್ತು ಲಕ್ಷದ ನಿವೇಶನಕ್ಕೆ ಸೆಸ್ಸು ಬಿಟ್ಟೇ 70 ಸಾವಿರ ರೂಪಾಯಿ! ಕೂಲಿಯವನು ಅದನ್ನು ಎಲ್ಲಿಂದ ತರಬೇಕು? ಹತ್ತನೆಯ ಮನೆ ಕೊಳ್ಳುವ ಧನಿಕನಿಗೂ ಮೊದಲನೆಯ ಗೂಡು ಕಟ್ಟಿಕೊಳ್ಳುವ ಕಾರ್ಮಿಕನಿಗೂ ನಿವೇಶನದ ಮೇಲೆ ಒಂದೇ ದರ. ಇದು ಯಾವ ಸಮಾನತೆ? ಕಾರ್ಮಿಕನ ಮೊದಲ ಮನೆಗೆ ಈ ಶುಲ್ಕಗಳನ್ನು ಇಳಿಸಬೇಕು. ಮಂಜೂರಾತಿ ಇಲ್ಲದ ಬಡಾವಣೆಯಲ್ಲಿ ಕೊಂಡವನ ಮನೆ ಒಡೆಯುವ ಮೊದಲು ಮಾರಿ ಲಾಭ ತಿಂದವನನ್ನು ಹಿಡಿಯಬೇಕು. ಪ್ರತಿ ಸಬ್ ರಿಜಿಸ್ಟ್ರಾರ್ ಕಛೇರಿಯಲ್ಲಿಯೂ ಪತ್ರವನ್ನು ಓದಿ ತಿಳಿಗನ್ನಡದಲ್ಲಿ ಹೇಳುವ ಒಬ್ಬರನ್ನು ಕೂರಿಸಬೇಕು. ನಮ್ಮ ಒತ್ತಾಯ ಇಷ್ಟು.

ಆ ದಂಪತಿಗಳಿಗೆ ದಾರಿ ಪೂರ್ತಿ ಮುಚ್ಚಿಲ್ಲ. ಕರಾರಿನಂತೆ ಕ್ರಯ ಮಾಡಿಕೊಡಿಸೆಂದು ದಾವೆ ಹಾಕಬಹುದು. ಕರಾರಿನಲ್ಲಿ ಗೊತ್ತುಮಾಡಿದ ದಿನದಿಂದ, ದಿನ ಗೊತ್ತುಮಾಡಿರದಿದ್ದರೆ ಮಾರಿದವನು ಒಲ್ಲೆನೆಂದದ್ದು ತಿಳಿದ ದಿನದಿಂದ, 3 ವರ್ಷದೊಳಗೆ ಹಾಕಬೇಕು. ಇವರು ಮೊದಲಿನಿಂದ ಅಲ್ಲಿಯೇ ವಾಸವಾಗಿರುವುದರಿಂದ, ಎರಡನೆಯವರು ತಿಳಿದೂ ತಿಳಿದೂ ಕೊಂಡರೆಂದು ವಾದಿಸಲು ಅವಕಾಶವುಂಟು. ವಕೀಲರ ಫೀಜಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಕೈಗಾರಿಕಾ ಕಾರ್ಮಿಕರಿಗೂ ಹೆಂಗಸರಿಗೂ ಪರಿಶಿಷ್ಟರಿಗೂ, ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡಬೇಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇರುವುದೇ ಅದಕ್ಕೆ. ಅವರು ಅರ್ಜಿ ಕೊಟ್ಟಿದ್ದಾರೆ. ಫಲವೇನೆಂಬುದನ್ನು ನ್ಯಾಯಾಲಯ ಹೇಳಬೇಕು.

ಹೊರಡುವಾಗ ಆ ತಾಯಿ, "ಕೊಡುವ ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಮೇಷ್ಟ್ರೇ" ಎಂದರು. ಬಂಧುಗಳೇ, ನೀವು ಮೊದಲೇ ಬನ್ನಿ. ಮುಂಗಡದ ಒಂದು ರೂಪಾಯಿ ಕೊಡುವ ಮುನ್ನ ಕಾಗದಗಳನ್ನು ತನ್ನಿ, ಒಟ್ಟಿಗೆ ಕುಳಿತು ಓದೋಣ. ಭಾನುವಾರ ಬೆಳಿಗ್ಗೆ ಕಛೇರಿಯ ಬಾಗಿಲು ತೆರೆದಿರುತ್ತದೆ.